ಗಂಗಾಮಣಿಗೆ ಗೊತ್ತಿಲ್ಲ

ಗಂಗಾಮಣಿಗೆ ಆನೆಯ ವಾಸನೆ ಹಿಡಿಯಲು ಬರುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ. ಹಾನುಬಾಳಿನ ಜೀಪ್ ಸ್ಟ್ಯಾಂಡಿನಲ್ಲಿ ನಿಂತು ಇದೇ ಮಾತನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಕೇಳಿದವರು ಹಲ್ಲು ಕಿರಿದು, "ನಿಂಗೇನ್ ಗೊತ್ತು ಮಾರಾಯ, ನೀನು ಬರೀ ಡ್ರೈವರ್" ಅನ್ನುತ್ತಾರೆ. ಹೌದು, ನಾನು ಬರೀ ಡ್ರೈವರ್. ಹೆಸರು ದಯಾನಂದ. ಬೆಳಿಗ್ಗೆ ನಮ್ಮೂರ ಹೆಂಗಸರನ್ನು ಜೀಪಿನಲ್ಲಿ ತುಂಬಿಕೊಂಡು ಕಾಫಿ ಎಸ್ಟೇಟಿನ ಗೇಟಿಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು ನನ್ನ ಕೆಲಸ. ಆ ಹೆಂಗಸರಲ್ಲಿ ಗಂಗಾಮಣಿಯೂ ಒಬ್ಬಳು. ಈ ರಾಮಾಯಣವೆಲ್ಲ ಶುರುವಾದ ದಿನ ನಾನು ಸ್ಟೇರಿಂಗ್ ಹಿಡಿದು ಅವಳ ಮುಂದಿನ ಸೀಟಿನಲ್ಲೇ ಕೂತಿದ್ದೆ.

ಗಂಗಾಮಣಿ ಹುಟ್ಟಿದ್ದು ಆಲೂರು ತಾಲ್ಲೂಕಿನ ಕುಂದೂರಿನ ಕಡೆ. ಮದುವೆಯಾಗಿ ನಮ್ಮೂರಿಗೆ ಬಂದವಳು. ಗಂಡ ಲಕ್ಕಪ್ಪ ಕಾಮಾಲೆಯಾಗಿ ತೀರಿಕೊಂಡ ಮೇಲೆ ಎಸ್ಟೇಟ್ ಕೂಲಿಯಲ್ಲೇ ಮಗನನ್ನು ಸಾಕಿದಳು. ಮಗ ಈಗ ಹಾಸನದಲ್ಲಿ ಟಿಪ್ಪರ್ ಓಡಿಸುತ್ತಾನೆ, ಭಾನುವಾರ ಮನೆಗೆ ಬರುತ್ತಾನೆ. ಸೊಸೆ ಮಧುಶ್ರೀ ಅತ್ತೆಯ ಜೊತೆ ಅದೇ ಜೀಪಿನಲ್ಲಿ ಕೆಲಸಕ್ಕೆ ಬರುತ್ತಾಳೆ. ಗಂಗಾಮಣಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಸ್ಸು ನಿಲ್ಲಿಸದೆ ಹೋದ ಕಂಡಕ್ಟರನನ್ನು ವಾಪಸ್ ಬರುವಾಗ ಹಿಡಿದು ನಿಲ್ಲಿಸಿ, ಬಸ್ಸಿನಲ್ಲಿದ್ದವರೆಲ್ಲ ಎದ್ದು ಕೈಮುಗಿಯುವವರೆಗೂ ಬೈದವಳು. ಅದರ ಜೊತೆಗೆ ಇನ್ನೊಂದು ಕೆಟ್ಟ ಚಾಳಿ ಅವಳಿಗಿದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಲು ನಾಲಿಗೆ ಹೊರಳುವುದಿಲ್ಲ. ಮಧುಶ್ರೀಯ ಅಪ್ಪ ಹೆಣ್ಣು ಕೊಡುವ ಮೊದಲು ಬಂದು, "ಹುಡುಗ ಒಳ್ಳೆಯವನಾ ತಾಯಿ?" ಎಂದು ಕೇಳಿದಾಗ, "ಇಲ್ಲೀಗಂಟ ಪರವಾಗಿಲ್ಲ. ಮುಂದೆ ಹೆಂಗಾಯ್ತಾನೋ ನಂಗೆ ಗೊತ್ತಿಲ್ಲ ಕಣಪ್ಪ" ಎಂದಿದ್ದಳು. ಸಂಬಂಧ ಮುರಿದೇ ಹೋಗುವುದರಲ್ಲಿತ್ತು. ಊರಿನವರು ಮಧ್ಯೆ ಬಿದ್ದು ಸರಿಮಾಡಬೇಕಾಯಿತು.

ಇಂಥವಳ ತಲೆಗೆ ನಮ್ಮ ಜನ ಎಲ್ಲ ಬಲ್ಲವಳು ಎಂಬ ಕಿರೀಟ ಇಟ್ಟರು.

ನಮ್ಮ ಕಡೆ ಆನೆಗಳು ಕಾಡಿನಲ್ಲಿ ಇರುವುದಕ್ಕಿಂತ ಕಾಫಿ ತೋಟದಲ್ಲಿ ಇರುವುದೇ ಹೆಚ್ಚು. ಬೆಳಿಗ್ಗೆ ಫಾರೆಸ್ಟಿನವರು ಮೊಬೈಲ್ ಗ್ರೂಪಿಗೆ ಮೆಸೇಜ್ ಹಾಕುತ್ತಾರೆ: ಹಿಂಡು ಇಂಥ ಎಸ್ಟೇಟಿನ ಹತ್ತಿರ, ಒಂಟಿ ಸಲಗ ಇಂಥ ಕೆರೆಯ ಹತ್ತಿರ. ಅವರು ಕಂಡದ್ದನ್ನು ಹೇಳುತ್ತಾರೆ, ಪಾಪ. ಕಾಣದೇ ಇರುವುದನ್ನು ಹೇಗೆ ಹೇಳುತ್ತಾರೆ? ಆದರೆ ಮೆಸೇಜಿನಲ್ಲಿ ತಮ್ಮ ಎಸ್ಟೇಟಿನ ಹೆಸರು ಇಲ್ಲದಿದ್ದರೆ ನಮ್ಮವರು ಅಲ್ಲಿ ಆನೆಯೇ ಇಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಈ ಬುದ್ಧಿಗೆ ಏನು ಹೇಳಲಿ! ನಾವು ಹೋಗುತ್ತಿದ್ದ ಎಸ್ಟೇಟಿನಲ್ಲಿ ಶಿವು ಎಂಬ ಗಾರ್ಡ್ ಇದ್ದ. ಹೆಂಗಸರು ಜೀಪಿನಿಂದ ಇಳಿಯುವ ಮೊದಲು ಅವನು ಪಟಾಕಿ ಹಿಡಿದು ಆ ದಿನ ಹಣ್ಣು ಕೊಯ್ಯುವ ಬ್ಲಾಕನ್ನು ಒಂದು ಸುತ್ತು ಹಾಕಿ ಬರುತ್ತಿದ್ದ. ಅವನು ಬಂದು ಕೈ ಬೀಸಿದ ಮೇಲೆ ಇವರು ಇಳಿಯುತ್ತಿದ್ದರು.

ಹೋದ ಕೊಯ್ಲಿನ ಆರಂಭದಲ್ಲಿ ಒಂದು ಬೆಳಿಗ್ಗೆ ಶಿವು ಹಾಗೆಯೇ ಸುತ್ತಿ ಬಂದು, "ಏನೂ ಕಾಣಿಸ್ನಿಲ್ಲ" ಎಂದು ಕೈ ಬೀಸಿದ. ಎಲ್ಲರೂ ಚೀಲ ಎತ್ತಿಕೊಂಡರು. ಗಂಗಾಮಣಿ ಮಾತ್ರ ಕದಲಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, "ಇವತ್ತು ಇಳಿಯೋದು ಬ್ಯಾಡ" ಎಂದಳು. ಯಾಕೆ ಎಂದರೆ ಬಾಯಿ ಬಿಡಲಿಲ್ಲ. ಅವಳ ಮುಖ ನೋಡಿ ಉಳಿದವರೂ ಕೂತರು. ಸ್ವಲ್ಪ ಹೊತ್ತಿಗೆ ಕಾಫಿಗೆ ನೆರಳಾಗಿ ನೆಟ್ಟ ಸಿಲ್ವರ್ ಮರಗಳ ಹಿಂದಿನಿಂದ, ಇವರು ಇಳಿದಿದ್ದರೆ ಸರಿಯಾಗಿ ನಿಂತಿರಬೇಕಾಗಿದ್ದ ಜಾಗಕ್ಕೆ, ಒಂಟಿ ಸಲಗ ಬಂದು ನಿಂತಿತು. ನಾನು ಜೀಪನ್ನು ರಿವರ್ಸ್ ತೆಗೆದ ರಭಸಕ್ಕೆ ಗೇಟಿನ ಕಂಬವೇ ಬಾಗಿತು.

ಅವಳು ಇಳಿಯದೇ ಇದ್ದದ್ದು ಏಕೆ ಎಂದು ಆ ಸಂಜೆಯೇ ನನಗೆ ಹೇಳಿದಳು. ಹಿಂದಿನ ದಿನ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ, ಉಸ್ತುವಾರಿ ನೋಡುವ ರೈಟರ್ ಪ್ರವೀಣ್, ಮಗನ ವಯಸ್ಸಿನವನು, ಎಲ್ಲರ ಎದುರಿಗೆ ಅವಳನ್ನು "ಮುದುಕಿ, ಬೇಗ ಕೈ ಆಡಿಸು" ಎಂದಿದ್ದನಂತೆ.

"ನಾನು ಮುದುಕಿಯಂತೆ ದಯಾ! ಅವನ ಮನೆ ಹಾಳಾಗ! ಅದ್ಕೇ ಇಳೀನಿಲ್ಲ. ಅವ್ನೇ ಬಂದು ಕುಯ್ಕೊಳ್ಳಲಿ ಅಂತ ಕುಂತೆ. ಮುದುಕಿ ಅಂದ ಅಂತ ಎಲ್ಲರ ಮುಂದೆ ಇನ್ನೊಂದ್ಸಲ ಹೇಳ್ಕಳಕ್ಕೆ ನಾಚಿಕೆ ಆಯ್ತು, ಸುಮ್ನಿದ್ದೆ. ಆನೆನೂ ಇಲ್ಲ, ಅದರಪ್ಪನೂ ಇಲ್ಲ."

ಇದೇ ನಿಜ. ಬರೀ ಸಿಟ್ಟು. ಮರುದಿನ ಅವಳು ನಾಚಿಕೆ ಬಿಟ್ಟು ಇದನ್ನೇ ಎಲ್ಲರಿಗೂ ಹೇಳಿದಳು. ಒಬ್ಬರಾದರೂ ನಂಬಬೇಕಲ್ಲ! ಜೀಪಿನಲ್ಲಿ ಅವಳ ಪಕ್ಕವೇ ಕೂರುವ ಮುನಿಯಮ್ಮ, ಇಪ್ಪತ್ತು ವರ್ಷದ ಗೆಳತಿ, ಬೇರೆಯವರ ಕಿವಿಯಲ್ಲಿ, "ಅಂಥ ಶಕ್ತಿ ಇರೋರು ಬಾಯ್ಬಿಟ್ಟು ಹೇಳ್ಕಳಲ್ಲ ಕಣ್ರೆ" ಎಂದಳು. ಅಲ್ಲಿಗೆ ಮುಗಿಯಿತು. ಹೌದು ಅಂದಿದ್ದರೂ ಶಕ್ತಿ, ಇಲ್ಲ ಅಂದದ್ದಕ್ಕೂ ಶಕ್ತಿ. ಬೇರೆ ಜೀಪಿನವರು ಅವಳನ್ನು ನೋಡಲು ಬರತೊಡಗಿದರು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕಿದರು. ಹೋಂಸ್ಟೇ ನಡೆಸುವವನೊಬ್ಬ ಬೆಂಗಳೂರಿನ ಅತಿಥಿಗಳನ್ನು ಕರೆತಂದು, "ಇವ್ರೇ ನೋಡಿ ಆನೆ ವಾಸನೆ ಹಿಡಿಯೋ ಅಮ್ಮ" ಎಂದು ತೋರಿಸಿದ. "ನಂಗೆ ಸದ್ಯಕ್ಕೆ ನಿಮ್ಮ ಸೆಂಟಿನ ವಾಸನೆ ಬಿಟ್ರೆ ಏನೂ ಬತ್ತಾ ಇಲ್ಲ, ಹೊರಡಿ" ಎಂದು ಗಂಗಾಮಣಿ ಅಟ್ಟಿದಳು. ಅದನ್ನೂ ವಿಡಿಯೋ ಮಾಡಿಕೊಂಡು ಹೋದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಒಂದು ವಾರದೊಳಗೆ ಪ್ರವೀಣ್ ಶಿವುವನ್ನು ಗಾರ್ಡ್ ಕೆಲಸದಿಂದ ತೆಗೆದು ಹಣ್ಣು ಒಣಗಿಸುವ ಕಣಕ್ಕೆ ಹಾಕಿದ. ಕಣದಲ್ಲಿ ಆಳು ಸಾಲದು, ಬ್ಲಾಕ್ ಸುತ್ತಲು ಇನ್ನು ಆಳು ಯಾಕೆ, ಗಂಗಮ್ಮ ಇದ್ದಾರಲ್ಲ ಎಂದ! ಅವಳು ಜೀಪಿನಿಂದ ಇಳಿದರೆ ಸಾಕು, ಎಲ್ಲರೂ ಇಳಿಯುತ್ತಿದ್ದರು. ಸುತ್ತು ಹಾಕುವುದಿಲ್ಲ, ಕಾಯುವುದಿಲ್ಲ, ಕೆಲಸ ಬೇಗ ಶುರು. ಎಸ್ಟೇಟಿನ ಸಾವ್ಕಾರರಿಗೂ ಖುಷಿ.

ಗಂಗಾಮಣಿ ಸಾವ್ಕಾರರ ಬಂಗಲೆಗೇ ಹೋದಳು. ಕರೆದುಕೊಂಡು ಹೋದವನು ನಾನೇ. ಸಾವ್ಕಾರರು ಒಳ್ಳೆಯ ಮಾತಿನವರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು.

"ಶಿವುನ ವಾಪಸ್ ಕಳ್ಸಿ ಸಾವ್ಕಾರ್ರೆ" ಎಂದಳು.

"ಅವತ್ತು ಶಿವು ಸುತ್ತು ಹಾಕಿ ಬಂದೂ ಆನೆ ಇಲ್ಲ ಅಂದಿದ್ದ. ನೀವು ಕೂತಲ್ಲೇ ಹೇಳಿದ್ರಿ. ಇನ್ನು ಅವನನ್ನ ಕಳಿಸಿ ಏನು ಪ್ರಯೋಜನ ಗಂಗಮ್ಮ?"

"ಅವ್ನು ಇಲ್ಲ ಅನ್ನಲಿಲ್ಲ, ಕಾಣಿಸ್ನಿಲ್ಲ ಅಂದ. ಅವ್ನು ಹೋಗಿ ನೋಡಿ ತಪ್ಪಿದ. ನಾನು ನೋಡ್ದೇನೆ ಸರಿಯಾದೆ, ಅದೂ ಆ ಪ್ರವೀಣ ಮುದುಕಿ ಅಂದಿದ್ಕೆ. ನಾಳೆಗೆ ಯಾರು ಬೇಕು ನಿಮ್ಗೆ? ನೋಡೋನೋ, ನೋಡ್ದೇ ಇರೋಳೋ?"

ಸಾವ್ಕಾರರು ನಕ್ಕರು. ದೊಡ್ಡವರು ನಗುವುದು ನಮ್ಮ ಮಾತು ಮುಗಿಯಿತು ಎಂದು ತಿಳಿಸಲಿಕ್ಕೆ. "ನಿಮ್ಮನ್ನ ನೀವೇ ತುಂಬ ಸಣ್ಣದು ಮಾಡ್ಕೊಂಡು ಮಾತಾಡ್ತೀರಿ" ಎಂದರು. ಅವಳು ಕಾಫಿ ಲೋಟವನ್ನು ಕುಡಿಯದೆ ಹಾಗೇ ಇಟ್ಟು ಎದ್ದಳು. ದಾರಿಯುದ್ದಕ್ಕೂ ಬೈದಳು. ಸಾವ್ಕಾರರನ್ನು, ಪ್ರವೀಣನನ್ನು, ಆನೆಯನ್ನು, ನಿಧಾನವಾಗಿ ಓಡಿಸಿದ್ದಕ್ಕೆ ನನ್ನನ್ನು.

ಮಾರನೇ ದಿನದಿಂದ ಅವಳು ಗೇಟಿನಲ್ಲಿ ಜೀಪ್ ನಿಂತ ಕೂಡಲೇ ಎದ್ದು ನಿಂತು ಗಟ್ಟಿಯಾಗಿ ಹೇಳಲು ಶುರುಮಾಡಿದಳು: "ಕೇಳ್ರೆ ಎಲ್ರೂ. ಆನೆ ಐತೋ ಇಲ್ವೋ ನಂಗೆ ಗೊತ್ತಿಲ್ಲ. ನನ್ನ ನೋಡ್ಕೊಂಡು ಇಳೀಬ್ಯಾಡಿ." ಹೆಂಗಸರು ತಲೆ ಆಡಿಸುತ್ತಿದ್ದರು. ಆಡಿಸಿ ಮತ್ತೆ ಅವಳನ್ನೇ ನೋಡುತ್ತಿದ್ದರು. ಅವಳ ಬಾಯಿಯ ಮಾತು ಬಿಟ್ಟು ಮೈಯನ್ನು ಓದತೊಡಗಿದರು. ಹುಬ್ಬು ಗಂಟಿಕ್ಕಿದ್ದರೆ ಆನೆ ಇದೆ. ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿದರೆ ಇಲ್ಲ. ಗಂಗಾಮಣಿಗೆ ಇದು ತಿಳಿದು ಎಲೆ ಹಾಕುವುದನ್ನೇ ಬಿಟ್ಟಳು. ಹುಬ್ಬನ್ನು ಏನು ಮಾಡುವುದು? ಕೆಲವರು ನಿಜವನ್ನು ಕೈಗೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ, ಕೊಟ್ಟವರ ಕೈರೇಖೆ ನೋಡುತ್ತಾ ಕೂರುತ್ತಾರೆ. ನನಗಂತೂ ಒಬ್ಬೊಬ್ಬರನ್ನೂ ಕಿವಿ ಹಿಡಿದು ಎಳೆದು ಕೇಳಬೇಕು ಅನ್ನಿಸುತ್ತಿತ್ತು, ಏನೇ, ಅವಳು ಹೇಳಿದ್ದು ಕನ್ನಡ ತಾನೆ?

ಅನಾಹುತವಾದ ಆ ದಿನವೂ ಅವಳು ಹಾಗೆಯೇ ಹೇಳಿದಳು. ಮಂಜು ಇನ್ನೂ ಬಿಟ್ಟಿರಲಿಲ್ಲ. ಹೇಳಿ ಕೂತವಳು ಕೆಮ್ಮು ಬಂದು, ಗಂಟಲಿಗೆ ಇರಲಿ ಎಂದು ಅದೇ ಎಲೆ ಅಡಿಕೆ ಚೀಲದಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿದಳು. ಚೀಲಕ್ಕೆ ಕೈ ಹೋದದ್ದನ್ನು ಮುನಿಯಮ್ಮ ಕಂಡಳು. "ಇಲ್ವಂತೆ, ನಡೀರಿ" ಎಂದು ಮೊದಲು ಇಳಿದಳು, ಉಳಿದವರೂ ಹಿಂದೆಯೇ ಇಳಿದರು. ಗಂಗಾಮಣಿ, "ಏ ಮುನಿ, ನಿಲ್ಲೇ! ಯಾವಳೇ ಹೇಳಿದ್ದು ಇಲ್ಲ ಅಂತ?" ಎಂದು ಕೂಗುವುದಕ್ಕೂ, ಹಳ್ಳದ ಬದಿಯ ಲಂಟಾನ ಪೊದೆ ಅಲುಗುವುದಕ್ಕೂ ಸರಿಹೋಯಿತು. ಆನೆ ಮುನಿಯಮ್ಮನನ್ನು ತುಳಿಯಲಿಲ್ಲ. ಅಡ್ಡ ಸಿಕ್ಕಿದ್ದನ್ನು ಸರಿಸುವಂತೆ ಸೊಂಡಿಲಿನಲ್ಲಿ ಒಂದು ಸಲ ಸರಿಸಿ ಹೋಯಿತು, ಅಷ್ಟೇ. ಆಕೆ ಹೋಗಿ ಸಿಲ್ವರ್ ಮರಕ್ಕೆ ಬಡಿದು ಬಿದ್ದಳು. ಎಲ್ಲರೂ ಜೀಪಿನ ಕಡೆ ಓಡಿದರೆ ಗಂಗಾಮಣಿ ಒಬ್ಬಳೇ ಮರದ ಕಡೆ ಓಡಿದಳು. ಗೆಳತಿಯನ್ನು ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡು ಬಂದಳು. ಸೊಂಟದ ಮೂಳೆ ಮುರಿದಿತ್ತು. ಸಕಲೇಶಪುರದಲ್ಲಿ ಇಲ್ಲಿ ಆಗುವುದಿಲ್ಲ ಎಂದರು, ಅಲ್ಲಿಂದ ಹಾಸನಕ್ಕೆ ಸಾಗಿಸಿದೆವು.

ಇನ್ನಾದರೂ ಜನಕ್ಕೆ ಬುದ್ಧಿ ಬರುತ್ತದೆ ಎಂದುಕೊಂಡೆ. ಏನು ಬಂತು ಗೊತ್ತೇ? ಗಂಗಾಮಣಿಗೆ ಆನೆ ಇರುವುದು ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ ಎಂಬ ಮಾತು ಬಂತು. ಹಿಂದಿನ ವಾರ ನಲ್ಲಿ ನೀರಿಗೆ ಅವಳಿಗೂ ಮುನಿಯಮ್ಮನಿಗೂ ಜಗಳವಾಗಿತ್ತಂತೆ. ನಲ್ಲಿಯ ಹತ್ತಿರ ಜಗಳವಾಡದ ಹೆಂಗಸು ನಮ್ಮೂರಲ್ಲಿ ಯಾರಿದ್ದಾರೆ ತೋರಿಸಿ! ಆದರೂ ಆ ಮಾತು ಸಂಜೆಯೊಳಗೆ ಹಾನುಬಾಳು ಮುಟ್ಟಿತು. ಪ್ರವೀಣನೂ ಅದನ್ನೇ ಹೇಳಿಕೊಂಡು ತಿರುಗಿದ. ಅವನಿಗೆ ಅನುಕೂಲವೇ. ಗಾರ್ಡನ್ನು ತೆಗೆದದ್ದು ಯಾರು ಎಂದು ಆಮೇಲೆ ಒಬ್ಬರೂ ಕೇಳಲಿಲ್ಲ.

ಗಂಗಾಮಣಿ ಇದನ್ನೆಲ್ಲ ಬೈದು ತಳ್ಳಿಹಾಕಿದಳು. ತಳ್ಳಿಹಾಕಲು ಆಗದ್ದು ಒಂದೇ. ರೊಟ್ಟಿ ತಟ್ಟುತ್ತಿದ್ದ ಮಧುಶ್ರೀ ತಲೆ ಎತ್ತದೆ, "ಅತ್ತೆ, ನಿಜವಾಗ್ಲೂ ಗೊತ್ತಿರ್ಲಿಲ್ವಾ?" ಎಂದು ಕೇಳಿದಳಂತೆ. ಅದನ್ನು ನನಗೆ ಹೇಳುವಾಗ ಗಂಗಾಮಣಿಯ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಭಯವಾದದ್ದು ಆಗಲೇ.

ಭಾನುವಾರ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುನಿಯಮ್ಮ ಮಲಗಿದಲ್ಲೇ ಅವಳ ಕೈ ಹಿಡಿದುಕೊಂಡಳು.

"ಗಂಗಿ, ಗೊತ್ತಿತ್ತು ಅಂದ್ಬುಡು."

"ಏನಂದೆ?"

"ಗೊತ್ತಿತ್ತು, ಸಿಟ್ಟಿಗೆ ಹೇಳ್ನಿಲ್ಲ ಅಂದ್ಬುಡು. ನಾಕು ಬೈದು ಮನಸ್ಸು ಹಗುರ ಮಾಡ್ಕೋತೀನಿ. ನಾಳೆಕ್ಕೆ ಮತ್ತೆ ಸ್ನೇಹಾನೂ ಆಯ್ತದೆ. ನಿಂಗೂ ಗೊತ್ತಿರ್ನಿಲ್ಲ ಅಂದ್ರೆ..." ಅವಳು ಗಂಗಾಮಣಿಯ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನನ್ನ ಮಗಳೂ ಅದೇ ತೋಟಕ್ಕೆ ಹೋಗ್ಬೇಕು ಕಣೆ. ಯಾರ ಮಕ ನೋಡ್ಕೊಂಡು ಇಳೀಲಿ ಅವ್ಳು?"

ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ, ಒಂದು ಸಲ ಹೌದು ಅಂದುಬಿಡಲಿ, ಏನು ಗಂಟು ಹೋಗುತ್ತದೆ! ಗಂಗಾಮಣಿ ಗೆಳತಿಯ ಹಣೆಯ ಮೇಲಿನ ಕೂದಲು ಸರಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ನಂಗೆ ಗೊತ್ತಿರ್ನಿಲ್ಲ ಮುನಿ. ಯಾವತ್ತೂ ಗೊತ್ತಿರ್ನಿಲ್ಲ. ನಿನ್ನ ಮಗಳಿಗೆ ನನ್ನ ಮಕ ನೋಡ್ಬ್ಯಾಡ, ಪೊದೆ ನೋಡು ಅನ್ನು."

ಮುನಿಯಮ್ಮ ಕೈ ಬಿಟ್ಟು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ತಂದಿದ್ದ ಕಿತ್ತಳೆ ಹಣ್ಣುಗಳನ್ನು ಸ್ಟೂಲಿನ ಮೇಲಿಟ್ಟು ನಾವು ಹೊರಗೆ ಬಂದೆವು.

ಸೋಮವಾರ ಗೇಟಿನಲ್ಲಿ ಪ್ರವೀಣ್ ಹೊಸ ದೇವರನ್ನು ತಯಾರು ಮಾಡಿ ನಿಲ್ಲಿಸಿದ್ದ. ಬೇರೆ ಜೀಪಿನ ಇಂದ್ರಮ್ಮ. ಇವಳ ಕನಸಿನಲ್ಲಿ ಗಣಪತಿ ಬರುತ್ತಾನಂತೆ. ಸೊಂಡಿಲು ಮೇಲೆತ್ತಿದ್ದರೆ ಆ ದಿನ ಆನೆ ಇಲ್ಲ, ಇಳಿಬಿಟ್ಟಿದ್ದರೆ ಇದೆ. ಇಂದ್ರಮ್ಮ ಹಣೆ ತುಂಬ ಕುಂಕುಮ ಹಚ್ಚಿಕೊಂಡು, "ಇವತ್ತು ಮೇಲೆತ್ತಿದ್ದ ಕಣ್ರವ್ವ, ಬನ್ನಿ" ಎಂದಳು. ಹೆಂಗಸರ ಮುಖದಲ್ಲಿ ಎಂಥ ನೆಮ್ಮದಿ! ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಗಂಗಾಮಣಿ ಸೀಟಿನಲ್ಲಿ ಕೂತೇ ಇದ್ದಳು. "ಶಿವು ಬಂದು ಸುತ್ತು ಹಾಕೋಗಂಟ ನಾನು ಇಳಿಯಲ್ಲ. ನೀವೂ ಇಳೀಬ್ಯಾಡಿ. ಒಬ್ಬಳ ಸೊಂಟ ಮುರಿದಿದ್ದು ಸಾಲದಾ? ಯಾರಿಗೂ ಗೊತ್ತಿಲ್ಲ ಅಂತ ಒಪ್ಕಂಡ್ರೆ ಕಣ್ಣು ಕಿವಿನಾದ್ರೂ ಬಿಟ್ಕಂಡು ಹೋಯ್ತೀರ. ಇವಳ ಕನಸು ಕಟ್ಕಂಡು ಹೋದ್ರೆ ಕಣ್ಣು ಮುಚ್ಕಂಡೇ ಹೋಯ್ತೀರ!"

"ಗೊತ್ತಿಲ್ದಿದ್ರೆ ಮನೇಲಿರ್ಬೇಕು ಗಂಗಮ್ಮ" ಎಂದ ಪ್ರವೀಣ್. "ಗೊತ್ತಿರೋರು ಇಳೀರಿ."

ಒಬ್ಬೊಬ್ಬರೇ ಇಳಿದರು. ಯಾರೂ ಗಂಗಾಮಣಿಯ ಮುಖ ನೋಡಲಿಲ್ಲ. ಅವರನ್ನು ಎಷ್ಟೆಂದು ಬೈಯಲಿ? ಮನೆಯಲ್ಲಿ ಒಲೆ ಉರಿಯಬೇಕು. ಬೇರೆ ಎಸ್ಟೇಟಿಗೆ ಹೋದರೆ ಅಲ್ಲೇನು ಆನೆ ಇಲ್ಲವೇ? ದಿನವೂ ಗೊತ್ತಿಲ್ಲ ಎಂಬುದನ್ನು ಬುತ್ತಿಯ ಜೊತೆ ಕಟ್ಟಿಕೊಂಡು ತೋಟಕ್ಕೆ ಇಳಿಯುವುದು ಸುಲಭವಲ್ಲ. ಇಷ್ಟೆಲ್ಲ ಅರ್ಥವಾದರೂ ಸಿಟ್ಟು ಇಳಿಯುವುದಿಲ್ಲ, ಏನು ಮಾಡಲಿ.

ಕೊನೆಗೆ ಮಧುಶ್ರೀಯೂ ಎದ್ದಳು. ಗಂಗಾಮಣಿ ಅವಳ ಸೆರಗು ಹಿಡಿದಳು.

"ಬ್ಯಾಡ ಕಣವ್ವ."

"ಅತ್ತೆ, ಇಬ್ರೂ ಮನೇಲಿ ಕುಂತ್ರೆ ಆಯ್ತದಾ? ಆನೆ ಐತೆ ಅಂತ ಹೇಳಿ, ಇಳಿಯಲ್ಲ. ಹೇಳಿ, ಐತಾ?"

ಐತೆ ಎಂದು ಒಂದೇ ಒಂದು ಮಾತು. ಅಷ್ಟು ಅಂದಿದ್ದರೆ ಸೊಸೆ ಕೂತುಬಿಡುತ್ತಿದ್ದಳು, ಮಗನ ಹೆಂಡತಿ ಆ ದಿನದ ಮಟ್ಟಿಗೆ ಉಳಿದಳು ಎಂಬ ಸಮಾಧಾನ ಸಿಗುತ್ತಿತ್ತು. ಗಂಗಾಮಣಿಯ ಬಾಯಿ ತೆರೆಯಿತು, ಮುಚ್ಚಿತು.

"ಗೊತ್ತಿಲ್ಲ" ಎಂದಳು.

ಮಧುಶ್ರೀ ಮೆಲ್ಲಗೆ ಸೆರಗು ಬಿಡಿಸಿಕೊಂಡು ಇಳಿದು ಹೋದಳು.

ಗಂಗಾಮಣಿ ಖಾಲಿ ಸೀಟುಗಳನ್ನು ನೋಡಿದಳು. ಆಮೇಲೆ, "ಥೂ, ನಿಮ್ಮ ಜನ್ಮಕ್ಕಿಷ್ಟು!" ಎಂದು ಧುಮುಕಿದಳು. ಸೀರೆ ಎತ್ತಿ ಕಟ್ಟಿ, ಬುತ್ತಿ ಡಬ್ಬಿಯ ಮುಚ್ಚಳ ತೆಗೆದು, ಕೆಳಗೆ ಬಿದ್ದಿದ್ದ ನನ್ನ ಸ್ಪ್ಯಾನರ್ ಎತ್ತಿಕೊಂಡು ಹೆಂಗಸರ ಸಾಲನ್ನು ದಾಟಿ ಮುಂದಕ್ಕೆ ಹೋದಳು. ಇಂದ್ರಮ್ಮನನ್ನೂ ದಾಟಿದಳು. ಮುಚ್ಚಳವನ್ನು ಢಣಢಣ ಬಡಿಯುತ್ತಾ, ಒಂದೊಂದು ಪೊದೆಯ ಮುಂದೆಯೂ ನಿಂತು ಕಿವಿಗೊಡುತ್ತಾ, ಮತ್ತೆ ಬಡಿಯುತ್ತಾ, ಪ್ರವೀಣನ ಏಳು ತಲೆಮಾರನ್ನೂ ಗಟ್ಟಿಯಾಗಿ ಬೈಯುತ್ತಾ ನಡೆದಳು. ಅವಳ ಕಾಲು ನಡುಗುತ್ತಿದ್ದದ್ದು ಜೀಪಿನಲ್ಲಿದ್ದ ನನಗೇ ಕಾಣುತ್ತಿತ್ತು. ಹಿಂದೆ ಬರುತ್ತಿದ್ದವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಮಧುಶ್ರೀ ನಗಲಿಲ್ಲ. ಅತ್ತೆಯ ಕಾಲನ್ನೇ ನೋಡುತ್ತಿದ್ದಳು.

ಆ ದಿನ ಆನೆ ಬರಲಿಲ್ಲ. ಇರಲೇ ಇಲ್ಲವೋ, ಸದ್ದಿಗೆ ಸರಿದುಹೋಯಿತೋ ಯಾರಿಗೆ ಗೊತ್ತು. ಸಂಜೆ ಎಲ್ಲರೂ ಸೇರಿ ಇಂದ್ರಮ್ಮನಿಗೆ ಹೂವು ಮುಡಿಸಿದರು. ನಾನು ಬೇಕೆಂದೇ ಜೀಪನ್ನು ಗುಂಡಿಗೆ ಇಳಿಸಿ ಎಲ್ಲರ ತಲೆಗೂ ಮೇಲಿನ ಕಂಬಿ ಬಡಿಸಿದೆ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಜೀಪ್ ನಿಂತಾಗ ಮೊದಲು ಇಳಿದವಳು ಮಧುಶ್ರೀ. ಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದಿದ್ದಳು. ಹಿಂದೆಯೇ ಇಳಿದ ಅತ್ತೆಯ ಪಕ್ಕದಲ್ಲಿ ನಿಂತು ಅದನ್ನು ಸೌಟಿನಿಂದ ಒಂದು ಸಲ ಬಡಿದು ನೋಡಿದಳು. ಇಂದ್ರಮ್ಮನಿಗೆ ಕೋಪ ಬಂತು.

"ಅದ್ಯಾಕೆ ತಾಯಿ ಆ ಗಲಾಟೆ? ಇವತ್ತು ಇಲ್ಲ ಅಂತ ಹೇಳ್ನಿಲ್ವಾ?"

ಮಧುಶ್ರೀ ತಿರುಗಿ ಅವಳ ಮುಖವನ್ನು ನೆಟ್ಟಗೆ ನೋಡಿದಳು. "ನಿಮ್ಗೆ ಹೆಂಗ್ ಗೊತ್ತು ಇಂದ್ರಮ್ಮಕ್ಕ?" ಎಂದು ಕೇಳಿದಳು.

ಇಂದ್ರಮ್ಮ ಕನಸು ಎಂದು ಬಾಯಿ ತೆರೆಯುವಷ್ಟರಲ್ಲಿ ಮಧುಶ್ರೀ ತಟ್ಟೆಯನ್ನು ಮತ್ತೊಂದು ಸಲ ಬಡಿದಳು. ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದ ಹೆಂಗಸರು, ಆ ಕಾಲನ್ನು ಹಾಗೇ ಇಟ್ಟುಕೊಂಡು, ಮೊದಲ ಬಾರಿಗೆ ಪೊದೆಯ ಕಡೆ ನೋಡಿದರು.